ಶೇಡ್, ಶ್ಯಾಡೋ: ಕಾಫಿ ಕಣದಲ್ಲಿ ಬಿಡಿಸಿದ ಗಂಟು

‘ಕಾಫಿ ನೀಡ್ಸ್ ಶ್ಯಾಡೋ’ ಎಂದು ಬರೆಯದ ಮಕ್ಕಳು ನಮ್ಮ ಕೊಡಗಿನ ಟ್ಯೂಷನ್‌ಗಳಲ್ಲಿ ಕಮ್ಮಿ. ಬರೆಯಬೇಕಾದ್ದು ‘ಶೇಡ್’. ಕನ್ನಡದಲ್ಲಿ ಎರಡೂ ನೆರಳೇ, ಅದಕ್ಕೆ.

ಮೊದಲು ಚಿತ್ರದ ಕಾರ್ಡ್ ಮಾಡಿಸಿದೆ. ಬಣ್ಣದ ಪ್ರಿಂಟು, ಲ್ಯಾಮಿನೇಷನ್ ಸೇರಿ 1,200 ರೂಪಾಯಿ ಹತ್ತಿರ, ಪೂರ್ತಿ ದಂಡ. ಚಿತ್ರದಲ್ಲಿ ಮರದಡಿಯ ಕಪ್ಪು ಭಾಗವನ್ನು ಹೇಗೆ ಬೇಕಾದರೂ ಕರೆಯಬಹುದು. ತಂಪು ಕಾಗದಕ್ಕೆ ಇಳಿಯುವುದಿಲ್ಲ.

ಕೆಲಸ ಮಾಡಿದ್ದು ಸೀಮೆಸುಣ್ಣ. ಬೆಳಿಗ್ಗೆ ಎಂಟೂವರೆಯೊಳಗೆ ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಒಬ್ಬನನ್ನು ನಿಲ್ಲಿಸಿ ಅವನ ನೆರಳಿನ ಅಂಚಿಗೆ ಗೆರೆ ಎಳೆಸಿದೆ. ಗೆರೆ ಎಳೆಯಲು ಆಕಾರ ಸಿಕ್ಕರೆ ಶ್ಯಾಡೋ. ಬಿಸಿಲು ತಪ್ಪಿಸಿ ಕೂರಲು ಜಾಗ ಸಿಕ್ಕರೆ ಶೇಡ್. ಆಮೇಲೆ ಕೊಡೆ: ಅದರಡಿ ನಿಂತವನು ಶೇಡ್‌ನಲ್ಲಿದ್ದಾನೆ, ನೆಲದ ಮೇಲಿನ ದುಂಡು ಆಕಾರ ಕೊಡೆಯ ಶ್ಯಾಡೋ. ಕಣದಲ್ಲಿ ಇಂಗ್ಲಿಷಾ ಎಂದು ನಕ್ಕವರಿದ್ದರು. 22 ಮಕ್ಕಳಲ್ಲಿ 19ರಷ್ಟು ಮಂದಿ ತಿಂಗಳ ನಂತರವೂ ತಪ್ಪಲಿಲ್ಲ.

ಸಿಲ್ವರ್ ಓಕ್ ಕೆಳಗೆ ಮಾತ್ರ ಮಾಡಬೇಡಿ. ಎಲೆ ಸಂದಿಯಿಂದ ಬಿಸಿಲ ಚುಕ್ಕಿ ಬಿದ್ದು ಶೇಡ್ ಒಳಗೇ ನೂರು ಎಲೆಗಳ ಶ್ಯಾಡೋ ಕುಣಿಯುತ್ತವೆ, ಮಕ್ಕಳು ಗಲಿಬಿಲಿ. ದಟ್ಟ ಹಲಸಿನ ಮರ ವಾಸಿ. ಕೊಯ್ಲಿನಲ್ಲಿ ಕಣ ಖಾಲಿ ಇರುವುದಿಲ್ಲ, ಜೂನ್ ಹಿಡಿದರೆ ಬಿಸಿಲೇ ಇಲ್ಲ. ಸಿಗುವುದು ಮಾರ್ಚ್ ಕೊನೆಯಿಂದ ಮೇವರೆಗೆ. ಮಳೆಗಾಲಕ್ಕೆಂದು 180 ರೂಪಾಯಿಯ ಟಾರ್ಚ್ ತಂದೆ. ಗೋಡೆ ಮೇಲೆ ಶ್ಯಾಡೋ ಚೆನ್ನಾಗಿ ಮೂಡುತ್ತದೆ, ಆದರೆ ಟಾರ್ಚ್‌ಗೆ ಕಾವಿಲ್ಲ, ಶೇಡ್‌ನ ತಂಪು ಕಲಿಸಲಾಗುವುದಿಲ್ಲ. ಅರ್ಧ ಪಾಠ.

ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಇನ್ನೊಂದು ಮಾಡಿ ನೋಡಿದೆ. ಆಗ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ. ನೆಟ್ಟಗೆ ನೆಟ್ಟ ಕಂಬದ ಶ್ಯಾಡೋ ಬುಡದಲ್ಲೇ ಅಡಗುತ್ತದೆ, ಪಕ್ಕದ ಹಲಸು ಶೇಡ್ ಕೊಡುತ್ತಲೇ ಇರುತ್ತದೆ. ಅದಕ್ಕೇ ಇಂಗ್ಲಿಷಿನಲ್ಲಿ ‘ಝೀರೋ ಶ್ಯಾಡೋ ಡೇ’. ಭಾಗಮಂಡಲದ ಕಡೆ ಸುರಿದಷ್ಟು ಮಳೆ ಕುಶಾಲನಗರಕ್ಕೆ ಇಲ್ಲದಿರುವುದೂ ‘ರೇನ್ ಶ್ಯಾಡೋ’: ಬೆಟ್ಟ ಮಳೆಗೆ ಅಡ್ಡ ನಿಂತು ಆಚೆ ಬದಿಗೆ ಬಿದ್ದ ಆಕಾರ.

ವ್ಯಾಕರಣದಲ್ಲಿ ಎಡವುವುದು ‘ಎ’ ಹತ್ತಿರ. ‘ಎ ಶ್ಯಾಡೋ’ ಸರಿ. ತಂಪಿನ ಶೇಡ್‌ಗೆ ಸಾಮಾನ್ಯವಾಗಿ ‘ಎ’ ಬೇಡ. ಹಾಕಿದರೆ ಅರ್ಥ ಬಣ್ಣದ ಛಾಯೆಯತ್ತ ವಾಲುತ್ತದೆ. ಇದನ್ನು ಕಾಫಿ ಹಣ್ಣಿನ ಕೆಂಪು ತೋರಿಸಿಯೇ ಕಲಿಸಿದೆ.

ಕೊನೆಗೆ ಕೊಡುವ 12 ವಾಕ್ಯಗಳ ಪರೀಕ್ಷೆಯನ್ನು ಇಲ್ಲಿ ಹಾಕುವುದಿಲ್ಲ, ಅದು ನನ್ನ ಬಳಿಯೇ ಇರಲಿ. ಸೀಮೆಸುಣ್ಣದ ಡಬ್ಬಿ 40 ರೂಪಾಯಿಯೋ ಏನೋ.