ಹಾಡಿಲ್ಲದ ರಾಕ್ ಆಲ್ಬಮ್ ಕೇಳುವ ಬಗೆ

ಕೋಲಾರದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಬೇರಿಂಗ್ ಸವೆದಿದ್ದರೆ ಬಿಚ್ಚುವ ಮೊದಲೇ ಸದ್ದಿನಲ್ಲಿ ಗೊತ್ತಾಗುತ್ತದೆ. ರಾತ್ರಿ ಅದೇ ಕಿವಿಯಲ್ಲಿ ಸಂಗೀತ ಕೇಳುತ್ತೇನೆ. "ಹಾಡೇ ಇಲ್ವಲ್ಲ ಮಾವ, ಹೇಗೆ ಕೇಳ್ತೀರ?" ಅಂದ ತಂಗಿಯ ಮಗ. ಅವನಿಗೆ ಹೇಳಿದ್ದೇ ಇದು.

ಕ್ಯಾಮೆಲ್ ಎಂಬ ರಾಕ್ ತಂಡದ 'ದಿ ಸ್ನೋ ಗೂಸ್' ಆಲ್ಬಮ್‌ನಿಂದ ಶುರು ಮಾಡಿ. 1975ರದ್ದು. ಇಂಗ್ಲೆಂಡಿನ ನಾಲ್ವರ ತಂಡ, ಜೊತೆಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ. 16 ತುಣುಕು, ಸುಮಾರು 43 ನಿಮಿಷ. ತುಣುಕುಗಳನ್ನು ಹಿಂದುಮುಂದು ಮಾಡುವ ಶಫಲ್ ಬೇಡವೇ ಬೇಡ. ನಡುವೆ ಜಾಹೀರಾತು ಬರುವ ಆಪ್ ಕೂಡ ಬೇಡ.

ಆಲ್ಬಮ್‌ನ ಹಿಂದೆ ಇರುವ ಕತೆ ಮೊದಲೇ ತಿಳಿದಿರಲಿ. ಪಾಲ್ ಗ್ಯಾಲಿಕೋ ಬರೆದದ್ದು. ಜವುಗು ನೆಲದ ಹಳೇ ದೀಪಸ್ತಂಭದಲ್ಲಿ ರಾಯಾಡರ್ ಎಂಬ ಚಿತ್ರಕಾರ ಒಬ್ಬನೇ ಇರುತ್ತಾನೆ. ಫ್ರಿತಾ ಎಂಬ ಹುಡುಗಿ ಗಾಯಗೊಂಡ ಹೆಬ್ಬಾತನ್ನು ಅವನ ಹತ್ತಿರ ತರುತ್ತಾಳೆ. 1940ರಲ್ಲಿ, ಯುದ್ಧದ ಹೊತ್ತಿಗೆ, ಫ್ರಾನ್ಸಿನ ಕಡಲ ತೀರದ ಡಂಕರ್ಕ್‌ನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕರೆತರಲು ಅವನು ತನ್ನ ಸಣ್ಣ ದೋಣಿ ತಗೊಂಡು ಹೋಗುತ್ತಾನೆ. ವಾಪಸ್ ಬರುವುದಿಲ್ಲ.

ಈಗ ವಾಲ್ಯೂಮ್. 'ಡಂಕರ್ಕ್' ಎಂಬ ತುಣುಕು ಏರುತ್ತಾ ಹೋಗುತ್ತದೆ. ಅದರ ಕೊನೆಯ ಭಾಗ ಹಾಕಿ, ಕಿವಿಗೆ ಹಿತವಾಗುವಷ್ಟು ಸದ್ದು ಇಟ್ಟುಕೊಳ್ಳಿ. ಆಮೇಲೆ ಮೊದಲಿಗೆ ಬನ್ನಿ. ಶುರುವಿನಲ್ಲಿ ಜಾಸ್ತಿ ಮೆಲ್ಲಗೆ ಅನ್ನಿಸಿದರೂ ಮುಟ್ಟಬೇಡಿ. ಹೆಡ್‌ಫೋನ್ ಇರಲಿ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಗಿಟಾರ್ ಸತ್ತೇ ಹೋಗುತ್ತದೆ.

ಮೊದಲ ತುಣುಕು 'ದಿ ಗ್ರೇಟ್ ಮಾರ್ಷ್', ಅಂದರೆ ಆ ಜವುಗು ನೆಲ. ನಾನು ಇಲ್ಲಿ ಕೋಲಾರಮ್ಮನ ಕೆರೆ ನೆನೆಸಿಕೊಳ್ಳುತ್ತೇನೆ, ಬೆಳಗಿನ ಮಂಜಿನಲ್ಲಿ. ಈ ತುಣುಕನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ. ಎರಡನೆಯದರಲ್ಲಿ ಕೊಳಲು ಬರುತ್ತದೆ, ತಂಡದ ಆಂಡ್ರ್ಯೂ ಲ್ಯಾಟಿಮರ್ ಊದಿದ್ದು. ಆ ಕೊಳಲಿನ ರಾಗವೇ ರಾಯಾಡರ್. ಬಾಯಲ್ಲಿ ಗುನುಗಲು ಬರುವವರೆಗೆ ಅದೊಂದನ್ನೇ ಎರಡು ಮೂರು ಸಲ ಕೇಳಿ. ಸಂಗೀತ ಕಚೇರಿಯಲ್ಲಿ ಪಲ್ಲವಿ ಹಿಡಿದುಕೊಂಡರೆ ಉಳಿದದ್ದು ದಾರಿಗೆ ಬರುತ್ತದೆ ಅಲ್ವಾ, ಹಾಗೆ. ಮೊದಲ ಸಲಕ್ಕೆ ಇಷ್ಟು ಸಾಕು. ಮಿಕ್ಕಿದ್ದು ಸುಮ್ನೆ ಹರಿದು ಹೋಗಲಿ.

ಎರಡನೇ ಸಲ ಒಂದೇ ವಾದ್ಯದ ಹಿಂದೆ ಹೋಗಿ. ನಾನು ಹೋಗುವುದು ಬೇಸ್ ಹಿಂದೆ. ಮೋಟಾರಿನ ಕೆಳಸದ್ದು ಕೇಳಿ ರೂಢಿ.

ಕೊನೆಗೆ ಅದೇ 'ಗ್ರೇಟ್ ಮಾರ್ಷ್' ಮತ್ತೆ ಬರುತ್ತದೆ. ಹೆಸರೂ ಅದೇ, ಜಾಗವೂ ಅದೇ. ರಾಯಾಡರ್ ಮಾತ್ರ ಇಲ್ಲ. ಇದನ್ನು ಕೇಳಿಸಿಕೊಳ್ಳಲೆಂದೇ ಮೊದಲನೆಯದನ್ನು ನೆನಪಿಡಿ ಅಂದದ್ದು. ನನಗೆ ಇವತ್ತಿಗೂ ಇಲ್ಲಿ ಗಂಟಲು ಕಟ್ಟುತ್ತದೆ. ಆಟೋಪ್ಲೇ ಮೊದಲೇ ಆಫ್ ಮಾಡಿರಿ, ಇಲ್ಲದಿದ್ದರೆ ಇದು ಮುಗಿಯುತ್ತಿದ್ದಂತೆ ಬೇರೆ ಯಾವುದೋ ಹಾಡು ಶುರುವಾಗಿಬಿಡುತ್ತದೆ.