ಪದ್ಮಿನಿಯ ಒಳಬಣ್ಣ ಬದಲಾಯಿಸಿದ ಬಗೆ

ನನ್ನದು 1978ರ ಪ್ರೀಮಿಯರ್ ಪದ್ಮಿನಿ ಕಾರು. ಹೊರಮೈ ಕೆನೆ ಬಣ್ಣದ್ದಾಗಿದ್ದರೂ ಹಿಂದಿನ ಮಾಲೀಕರು ಸೀಟು, ಬಾಗಿಲಿನ ಹಲಗೆ, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಕಪ್ಪಾಗಿಸಿದ್ದರು. ತಿಳಿ ಬಿಸ್ಕಿಟ್ ಬಣ್ಣ ಮಾಡಿಸುವ ಆಸೆ ಮೊದಲು ಇತ್ತು. ಆದರೆ ಈ ಕಾರು ನವಲಗುಂದ, ಅಣ್ಣಿಗೇರಿಯ ಎರೆಮಣ್ಣಿನ ದಾರಿಗಳಲ್ಲಿ ಓಡಾಡುವುದರಿಂದ ಬೇಸಿಗೆಯ ಧೂಳು, ಮಳೆಗಾಲದ ಕೆಸರು ಎರಡೂ ಸೀಟಿಗೆ ತಪ್ಪುವುದಿಲ್ಲ. ಹಿಂದಿನ ಸೀಟನ್ನು ಎತ್ತಿದಾಗ ಚೌಕಟ್ಟಿನ ತಂತಿಗೆ ಸಿಕ್ಕಿಕೊಂಡಿದ್ದ ಹಳೆಯ ಕಡುಗೆಂಪು ರೆಕ್ಸಿನ್ನಿನ ಚೂರೊಂದು ಕಂಡಿತು. ಕೆನೆ ಬಣ್ಣದ ಮೈಗೆ ಅದೇ ಒಪ್ಪುತ್ತದೆ ಎಂದು ನಿರ್ಧರಿಸಿದೆ. ಕಡುಗೆಂಪು ಬಿಸಿಲಿನಲ್ಲಿ ಕಪ್ಪಿಗಿಂತ ಹೆಚ್ಚು ತಂಪೇನೂ ಅಲ್ಲ, ಆ ಭ್ರಮೆ ನನಗಿರಲಿಲ್ಲ.

ಕಾಗದಪತ್ರದ ಬಗ್ಗೆ ಹಲವರು ಕೇಳುತ್ತಾರೆ. ಆರ್.ಸಿ.ಯಲ್ಲಿ ನಮೂದಾಗುವುದು ಹೊರಮೈ ಬಣ್ಣ ಮಾತ್ರ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಲು ವಾಹನಕ್ಕೆ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮುಂದೆ ಅದಕ್ಕೆ ಅರ್ಜಿ ಹಾಕುವ ವಿಚಾರವಿರುವುದರಿಂದ ಬಿಚ್ಚಿದ ಪ್ರತಿ ಭಾಗದ ಫೋಟೊ ತೆಗೆದುಕೊಂಡು, ಆ ಹಳೆಯ ಕೆಂಪು ಚೂರನ್ನೂ ಕಾಯ್ದಿಟ್ಟೆ.

ಕಾರಿನ ಒಳಭಾಗ ಹೊರಗಿನಂತೆ ಒಂದೇ ವಸ್ತುವಿನದಲ್ಲ. ಸೀಟು, ಬಾಗಿಲುಗಳದ್ದು ರೆಕ್ಸಿನ್, ಡ್ಯಾಶ್‌ಬೋರ್ಡಿನದು ತಗಡು, ಸ್ಟೀರಿಂಗ್ ಕಾಲಮ್ಮಿನ ಹೊದಿಕೆ ಗಟ್ಟಿ ಪ್ಲಾಸ್ಟಿಕ್, ಮೇಲೆ ಒಳಛಾವಣಿಯ ಹೊದಿಕೆ. ಒಂದೇ ಡಬ್ಬಿಯ ಬಣ್ಣ ಇವೆಲ್ಲದರ ಮೇಲೆ ಒಂದೇ ಆಗಿ ಕಾಣುವುದಿಲ್ಲ, ಒಂದೇ ರೀತಿ ಹಿಡಿಯುವುದೂ ಇಲ್ಲ. ಆದ್ದರಿಂದ ಆಯ್ಕೆ ಅತಿ ಕಡಿಮೆ ಇರುವ ವಸ್ತುವನ್ನು ಮೊದಲು ಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಬೇಕು. ರೆಕ್ಸಿನ್ ಅಂಗಡಿಯಲ್ಲಿ ಇರುವ ರೋಲುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ, ಆದರೆ ಪೇಂಟನ್ನು ಬೇಕಾದಂತೆ ಬೆರೆಸಿಕೊಳ್ಳಬಹುದು. ಅಂಗಡಿಯ ಟ್ಯೂಬ್‌ಲೈಟಿನಡಿ ಕಡುಗೆಂಪಾಗಿ ಕಂಡ ಎರಡು ರೋಲುಗಳನ್ನು ರಸ್ತೆಯ ಬಿಸಿಲಿಗೆ ತಂದಾಗ ಒಂದು ನೇರಳೆಗೆ, ಇನ್ನೊಂದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಇಟ್ಟಿಗೆಯ ಕಡೆಗೆ ವಾಲಿದ್ದೇ ಹಳೆಯ ಚೂರಿಗೆ ಹತ್ತಿರವಿತ್ತು. 54 ಇಂಚು ಅಗಲದ ಆ ರೋಲಿನಿಂದ ಅಗತ್ಯಕ್ಕಿಂತ ಎರಡು ಮೀಟರ್ ಹೆಚ್ಚಿಗೆ ಕತ್ತರಿಸಿಕೊಂಡೆ.

ಸೀಟನ್ನು ಹೊಲಿಸದೆ ಬಣ್ಣ ಹೊಡೆದರೆ ಸಾಲದೇ ಎಂಬ ಪ್ರಶ್ನೆಯನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಒಬ್ಬ ಹಿರಿಯ ಕುಶನ್ ಕೆಲಸಗಾರರ ಮುಂದಿಟ್ಟೆ. ಅವರು ಸೀಟಿನ ಅಂಚನ್ನು ಹೆಬ್ಬೆರಳಿನಿಂದ ಮಡಚಿ ತೋರಿಸಿದರು. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಎದ್ದವು. "ಇದಕ್ಕ ಬಣ್ಣ ಹಚ್ಚಿದ್ರ ಬಣ್ಣಾನೂ ಇದರ ಜೋಡೀನ ಒಡಿತೈತ್ರಿ ಸಾಹೇಬ್ರ" ಎಂದರು. ರೆಕ್ಸಿನ್ನಿನೊಳಗೆ ಅದನ್ನು ಮೆದುವಾಗಿಡುವ ಎಣ್ಣೆಯಂಥ ಅಂಶವಿರುತ್ತದೆ. ವರ್ಷಗಳ ಬಿಸಿಲಿಗೆ ಅದು ಹೊರಟುಹೋದರೆ ಮೇಲಿನಿಂದ ಏನು ಬಳಿದರೂ ಮರಳಿ ಬರುವುದಿಲ್ಲ. ಅಲ್ಲದೆ ಕಪ್ಪಿನ ಮೇಲೆ ಕೆಂಪು ಕೂರಿಸಲು ಪದರದ ಮೇಲೆ ಪದರ ಕೊಡಬೇಕಾಗಿ, ದಪ್ಪವಾದ ಪದರ ಕುಳಿತೇಳುವ ಜಾಗದಲ್ಲಿ ಬೇಗ ಸೀಳುತ್ತದೆ. ಹೀಗಾಗಿ ಸೀಟು ಮತ್ತು ಬಾಗಿಲಿನ ಹಲಗೆಗಳಿಗೆ ಹೊಸ ರೆಕ್ಸಿನ್, ಯಾರೂ ಒರಗದ, ಇನ್ನೂ ಮೆದುವಾಗಿದ್ದ ಭಾಗಗಳಿಗೆ, ಎಂದರೆ ಸನ್‌ವೈಸರ್ ಮತ್ತು ಕಾಲಿನ ಪಕ್ಕದ ಹಲಗೆಗಳಿಗೆ ಮಾತ್ರ ಬಣ್ಣ ಎಂದು ವಿಂಗಡಿಸಿಕೊಂಡೆ.

ಬಣ್ಣ ಹೊಡೆಯುವ ಭಾಗಗಳಲ್ಲಿ ಮುಕ್ಕಾಲು ಕೆಲಸ ತೊಳೆಯುವುದೇ. ಹಳೆಯ ಕಾರುಗಳಿಗೆ ಹೊಳಪಿಗೆಂದು ಹಚ್ಚುತ್ತ ಬಂದ ಪಾಲಿಶ್‌ಗಳಲ್ಲಿ ಸಿಲಿಕೋನ್ ಇರುತ್ತದೆ, ಅದು ಉಳಿದ ಕಡೆ ಪೇಂಟ್ ಸರಿದು ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ. ಸಾಬೂನು ನೀರು ಮತ್ತು ಮೆದು ಬ್ರಶ್ಶಿನಿಂದ ಗೀರುಗಳೊಳಗಿನ ಕೊಳೆ ತೆಗೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ; ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತ ಒರೆಸಬೇಕು. ಬಳಸಬೇಕಾದದ್ದು ವಿನೈಲಿಗೆಂದೇ, ಎಂದರೆ ರೆಕ್ಸಿನ್ನಿನ ಪ್ಲಾಸ್ಟಿಕ್ ಮೇಲ್ಪದರಕ್ಕೆಂದೇ ಇರುವ, ಬಾಗುವ ಬಣ್ಣ. ಮೈಗೆ ಹೊಡೆಯುವ ಸಾಮಾನ್ಯ ಪೇಂಟ್ ರೆಕ್ಸಿನ್ನಿನ ಮೇಲೆ ಚಕ್ಕೆಯಾಗಿ ಏಳುತ್ತದೆ. ಸ್ಟೀರಿಂಗ್ ಕಾಲಮ್ಮಿನ ಪ್ಲಾಸ್ಟಿಕ್ಕಿಗೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಕೊಟ್ಟೆ.

ಬಣ್ಣ ಬೆರೆಸುವಾಗ ನಾನು ಅಂಗಡಿಯಲ್ಲೇ ನಿಂತಿದ್ದೆ. ಹುಡುಗ ಕೆಂಪಿಗೆ ಕಡ್ಡಿಯ ತುದಿಯಿಂದ ಕಪ್ಪು, ಆಮೇಲೆ ತುಸು ಹಳದಿ ಸೇರಿಸುತ್ತ, ಪ್ರತಿ ಸಲವೂ ರೆಕ್ಸಿನ್ ಚೂರಿನ ಮೇಲೆಯೇ ಒಂದು ಬೊಟ್ಟು ಇಟ್ಟು, ಬ್ಲೋವರಿನಿಂದ ಒಣಗಿಸಿ ನೋಡಿದ. ಹಸಿ ಬಣ್ಣಕ್ಕೂ ಒಣಗಿದ ಬಣ್ಣಕ್ಕೂ ಅಂತರವಿರುತ್ತದೆ, ಹಸಿಯಲ್ಲಿ ಸರಿಹೊಂದಿದ್ದು ಒಣಗಿದಾಗ ಬೇರೆಯಾಗಿರುತ್ತದೆ. ಬೊಟ್ಟು ಎಲ್ಲಿದೆಯೆಂದು ಬಿಸಿಲಿನಲ್ಲಿ ಹುಡುಕಬೇಕಾದಾಗ ನಿಲ್ಲಿಸಲು ಹೇಳಿದೆ.

ಡ್ಯಾಶ್‌ಬೋರ್ಡಿನ ತಗಡಿಗೆ ಇದೇ ಕೆಂಪನ್ನು ಹೊಡೆಯಲು ಪೇಂಟರ್ ಸೂಚಿಸಿದರೂ ನಾನು ಒಪ್ಪಲಿಲ್ಲ. ನುಣುಪಾದ ತಗಡಿನ ಮೇಲಿನ ಕೆಂಪು ಗೀರುಗಳುಳ್ಳ ರೆಕ್ಸಿನ್ನಿನ ಕೆಂಪಿನ ಪಕ್ಕದಲ್ಲಿ ಯಾವಾಗಲೂ ತಪ್ಪಿದ ಬಣ್ಣದಂತೆ ಕಾಣುತ್ತದೆ. ಹೋಲಿಕೆಗೇ ಅವಕಾಶವಿಲ್ಲದಂತೆ ಮುಂಭಾಗಕ್ಕೆ ಹೊರಮೈಯ ಕೆನೆ ಬಣ್ಣವನ್ನೇ ಕೊಡಿಸಿದೆ. ಮೇಲ್ಭಾಗವನ್ನು ಮಾತ್ರ ಹೊಳಪಿಲ್ಲದ ಕಪ್ಪಾಗಿಯೇ ಉಳಿಸಿದೆ, ಏಕೆಂದರೆ ಅಲ್ಲಿ ತಿಳಿ ಬಣ್ಣವಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡಿ ದಾರಿ ಮಸುಕಾಗುತ್ತದೆ. ಬ್ಯಾಟರಿ ತಂತಿ ಕಳಚಿ, ಮೀಟರುಗಳನ್ನು ಬಿಚ್ಚಿ, ಹಿಂದಿನ ಹಳೆಯ ವೈರುಗಳಿಗೆ ಚೀಟಿ ಕಟ್ಟಿದ ನಂತರ, ಪೇಂಟರ್ ಗಾಜಿನ ರಬ್ಬರಿನ ಅಂಚಿನಡಿ ಸಣ್ಣ ಹುರಿಯೊಂದನ್ನು ಉದ್ದಕ್ಕೂ ತೂರಿಸಿದರು. ಅಂಚು ಮೇಲೆದ್ದು ನಿಂತಿತು, ಬಣ್ಣ ಅದರಡಿಗೂ ಹೋಯಿತು, ಹುರಿ ಎಳೆದಾಗ ರಬ್ಬರು ಹೊಸ ಬಣ್ಣದ ಮೇಲೆ ಕುಳಿತುಕೊಂಡಿತು. ಗೆರೆ ಎಲ್ಲಿಯೂ ಕಾಣದು. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಹಿಡಿಸಿದ ಕೈಚಳಕ ಇದೇ.

ಇದನ್ನು ಮಾರ್ಚಿಗಿಂತ ಮೊದಲೇ ಮುಗಿಸಿದ್ದು ಉದ್ದೇಶಪೂರ್ವಕವಾಗಿ. ಮಳೆಗಾಲದ ತೇವದಲ್ಲಿ ಎನ್.ಸಿ. (ನೈಟ್ರೊಸೆಲ್ಯುಲೋಸ್, ಬೇಗ ಒಣಗುವ) ಪೇಂಟ್ ಒಣಗುವಾಗ ಬೆಳ್ಳಗೆ ಮಂಕಾಗುತ್ತದೆ, ಮೇ ತಿಂಗಳ ಸೆಕೆಯಲ್ಲಿ ಸ್ಪ್ರೇ ಗನ್ನಿನಿಂದ ಹೊರಟ ಬಣ್ಣ ತಗಡು ಮುಟ್ಟುವ ಮೊದಲೇ ಅರೆ ಒಣಗಿ ಮೈ ಒರಟಾಗುತ್ತದೆ.

ಒಳಛಾವಣಿಯ ಹೊದಿಕೆ ಚೆನ್ನಾಗಿದ್ದುದರಿಂದ ತೊಳೆದು ಬಿಟ್ಟೆ. ಬಾಗಿಲಿನ ಹಾರ್ಡ್‌ಬೋರ್ಡ್ ಹಲಗೆಗಳು ಕೆಳಗಡೆ ನೀರು ಕುಡಿದು ಉಬ್ಬಿದ್ದವು. ಹಳೆಯದನ್ನೇ ಅಳತೆಯಾಗಿಟ್ಟು ಹೊಸದಾಗಿ ಕತ್ತರಿಸಿ, ಅಂಚಿಗೆ ವಾರ್ನಿಶ್ ಕುಡಿಸಿ, ರಬ್ಬರ್ ಸೊಲ್ಯೂಷನ್ನನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ರೆಕ್ಸಿನ್ ಎಳೆದು ಕೂರಿಸಲಾಯಿತು. ಸೀಟಿನ ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ತುಂಡುಗಳಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಅವನ್ನೇ ಮಾದರಿಯಾಗಿ ಬಳಸಿದರು. ಹೊಲಿಗೆಗೆ ಪಾಲಿಯೆಸ್ಟರ್ ದಾರವನ್ನೇ ಕೇಳಿ ಹಾಕಿಸಿದೆ, ಹತ್ತಿಯ ದಾರ ಬೆವರಿಗೆ, ತೇವಕ್ಕೆ ಲಡ್ಡಾಗುತ್ತದೆ. ಹೊಲಿಗೆಯ ಅಂಚಿಗೆ ಕೊಡುವ ಉಬ್ಬುಪಟ್ಟಿ (ಪೈಪಿಂಗ್) ಕೆನೆ ಬಣ್ಣದ್ದು.

ಹೆಚ್ಚಿಗೆ ತಂದ ಎರಡು ಮೀಟರ್ ರೆಕ್ಸಿನ್ನನ್ನು ಮಡಚದೆ ಕೊಳವೆಗೆ ಸುತ್ತಿ, ಉಳಿದ ಬಣ್ಣದ ಡಬ್ಬಿಯ ಜೊತೆ ನೆರಳಿನಲ್ಲಿ ಇಟ್ಟಿದ್ದೇನೆ. ಮುಂದೆ ಚಾಲಕನ ಬದಿಯ ಅಂಚು ಹರಿದಾಗ ಅದೇ ಬಣ್ಣದ ರೋಲು ಅಂಗಡಿಯಲ್ಲಿ ಇರುತ್ತದೆಂದು ನಂಬುವಂತಿಲ್ಲ.