ಮನಸ್ಸು ಕುಸಿದಾಗ ಪ್ಲೇಲಿಸ್ಟ್ ಹೇಗ್ ಜೋಡಿಸ್ಕೊಳ್ಳೋದು

ಬೇಜಾರಲ್ಲಿರೋರಿಗೆ ಖುಷಿ ಹಾಡು ಕೇಳು ಅಂತಾರಲ್ಲ, ಅದು ಎಷ್ಟೋ ಸಲ ತಕ್ಷಣ ವರ್ಕ್ ಆಗಲ್ಲ, ಇನ್ನೂ ಕಿರಿಕಿರಿ ಆಗ್ಬೋದು. ಮ್ಯೂಸಿಕ್ ಥೆರಪಿಲಿ ಐಸೋ ಪ್ರಿನ್ಸಿಪಲ್ ಅಂತಿದೆ, 1940ರ ದಶಕದಿಂದ್ಲೂ ಇರೋದು, ಮೊದ್ಲು ನಿಮ್ಮ ಮೂಡ್‌ಗೆ ಹೊಂದೋ ಹಾಡು, ಆಮೇಲೆ ನಿಧಾನಕ್ಕೆ ಬೇಕಾದ ಕಡೆಗೆ ತಿರುಗಿಸೋದು.

ನಾನು ಪಿಜಿಲಿದ್ದಾಗ ರಾತ್ರಿ ಟೆರೇಸಲ್ಲಿ ನೀರಿನ ಟ್ಯಾಂಕ್‌ಗೆ ಒರಗಿ ಕೂತು ಇದನ್ನೇ ಮಾಡ್ತಿದ್ದೆ, ಆರೇ ಹಾಡು. ಮೊದಲೆರಡು ಅಳು ಬರ್ಸೋವು, ಬಂದ್ರೆ ಅತ್ಬಿಡಿ. ನಡುವಿನೆರಡು ಸಾಹಿತ್ಯ ಇಲ್ದೇ ಇರೋ ಕೊಳಲೋ ವೀಣೆನೋ, ಕೊನೆಯೆರಡಕ್ಕೆ ಕಾಲು ತಾನಾಗೇ ತಾಳ ಹಾಕ್ಬೇಕು. ಲಿಸ್ಟ್ ಮಾತ್ರ ಚೆನ್ನಾಗಿರೋ ದಿನವೇ ಮಾಡಿಟ್ಕೊಳ್ಳಿ, ಕುಸಿದಾಗ ಹುಡುಕೋಕೆ ಕೈ ಏಳಲ್ಲ.

ಜೊತೆಗೆ ಗುನುಗಿ, ಉಸಿರು ಉದ್ದ ಆಗುತ್ತೆ, ಎದೆ ಹಗುರಾಗುತ್ತೆ. ವಾಲ್ಯೂಮ್ ಕಮ್ಮಿ ಇರ್ಲಿ.

ಒಂದೇ ಬ್ರೇಕಪ್ ಹಾಡನ್ನ ರಿಪೀಟಲ್ಲಿ ಹಾಕೊಂಡು, ಮುಗಿದ್ಮೇಲೂ ಅದೇ ಯೋಚ್ನೆ ಕೊರೀತಿದ್ರೆ ಆಫ್ ಮಾಡಿ ಎದ್ದು ಯಾರ ಹತ್ರಾದ್ರೂ ಮಾತಾಡಿ. ಎರಡು ವಾರ ಆದ್ರೂ ನಿದ್ದೆ ಊಟ ಸರಿಹೋಗ್ಲಿಲ್ವಾ, ಇಲ್ಲಾ ಬದುಕೋದೇ ಬೇಡ ಅನ್ನಿಸ್ತಿದ್ಯಾ, ಹೆಡ್‌ಫೋನ್ ತೆಗೆದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕಾಲ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.